ಹಿಂದಿನ ಸಾಲಿನ ಎರಡು ಆ್ಯಂಪಿಯರ್

ಎಲ್ಲವನ್ನೂ ಬಿಟ್ಟವನಿಗೆ ಅವಧೂತ ಅನ್ನುತ್ತಾರೆ. ಸದಾಶಿವ ಪೇಠದ ಅವಧೂತರಾಯರು ಮಾತ್ರ ಹುಟ್ಟಿದಾಗಿನಿಂದ ಒಂದು ಗುಂಡುಸೂಜಿಯನ್ನೂ ಬಿಟ್ಟವರಲ್ಲ. ಮಾರುತಿ ಗುಡಿಗೆ ಹೋದರೆ ಒಂದು ಚಪ್ಪಲಿಯನ್ನು ಬಾಗಿಲ ಬಳಿ, ಇನ್ನೊಂದನ್ನು ಅರಳಿಕಟ್ಟೆಯ ಆಚೆ ಬಿಟ್ಟು ಒಳಗೆ ಹೋಗುವರು. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಒಯ್ಯುವುದಿಲ್ಲವಲ್ಲ! ಅಗಸ ಬಟ್ಟೆ ತಂದುಕೊಟ್ಟರೆ ಧೋತರದ ಅಂಚು ತಿರುವಿ, ಇದು ತಮ್ಮದೇ ಹೌದೋ ಅಲ್ಲವೋ ಎಂದು ಬೆಳಕಿಗೆ ಹಿಡಿಯುವರು. ದಾರಿಯಲ್ಲಿ ಪರಿಚಯದವರು ನಕ್ಕರೆ, ಇವನಿಗೆ ನನ್ನಿಂದ ಏನು ಆಗಬೇಕಾಗಿದೆ ಎಂದು ಮನೆ ಮುಟ್ಟುವವರೆಗೂ ತಲೆ ಕೆಡಿಸಿಕೊಳ್ಳುವರು. ಕೆಟ್ಟ ಮನುಷ್ಯರೆಂದು ಯಾರೂ ಅನ್ನುವಂತಿರಲಿಲ್ಲ. ಯಾರಿಗೂ ಮೋಸ ಮಾಡಿದವರಲ್ಲ, ಕೈ ಎತ್ತಿದವರಲ್ಲ. ಸಂಶಯ ಒಂದು ಅವರ ಮೈಗೆ ಜನಿವಾರದ ಹಾಗೆ ಅಂಟಿಕೊಂಡಿತ್ತು, ಅಷ್ಟೇ.

ಅವರ ತಂದೆ ಧಾರವಾಡದ ಕಡೆಯಿಂದ ಸರಕಾರಿ ನೌಕರಿ ಹಿಡಿದು ಪುಣೆಗೆ ಬಂದವರು, ಸದಾಶಿವ ಪೇಠದಲ್ಲಿ ಒಂದು ಸಣ್ಣ ವಾಡೆ ಮನೆ ಬಿಟ್ಟು ತೀರಿಕೊಂಡಿದ್ದರು. ಮಗ ವಿಜ್ಞಾನ ಓದಿ ಒಂದು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆದರು. ಹುಡುಗರಿಗೆ ಬ್ಯಾಟರಿ, ತಂತಿ, ಆ್ಯಮ್ಮೀಟರು ಜೋಡಿಸಿ ತೋರಿಸುವ ಕೆಲಸ. ಅದು ಅವರಿಗೆ ಹೇಳಿ ಮಾಡಿಸಿದಂತಿತ್ತು. ಮನುಷ್ಯರ ಬಾಯಿಯನ್ನು ನಂಬದ ರಾಯರು ಗಾಜಿನೊಳಗಿನ ಮುಳ್ಳನ್ನು ನಂಬುತ್ತಿದ್ದರು. ವಿದ್ಯುತ್ತಿನ ಒತ್ತಡವನ್ನು ಹರಿವಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ಶಕ್ತಿ. ಎರಡು ಅಂಕಿ ಕೊಡಿ, ಇನ್ನೆರಡು ತಾವಾಗಿ ಬರುತ್ತವೆ, ಸುಳ್ಳಿಗೆ ಜಾಗವೇ ಇಲ್ಲ ಎಂದು ವರ್ಷವರ್ಷವೂ ಹುಡುಗರಿಗೆ ಹೇಳುತ್ತಿದ್ದರು.

ವಾಡೆಗೆ ವಿದ್ಯುತ್ತು ಬಂದದ್ದು ಸಾವಿರದ ಒಂಬೈನೂರಾ ಮೂವತ್ತೈದರಲ್ಲಿ. ಮುಂದಿನ ಪಡಸಾಲೆ ರಾಯರದು. ಮಾಳಿಗೆಯಲ್ಲಿ ಪಿಂಚಣಿ ತೆಗೆದುಕೊಳ್ಳುವ ಮರಾಠಿ ಗುಮಾಸ್ತರೊಬ್ಬರು. ಹಿಂದೆ ಬಾವಿಯ ಕಡೆ ರಾಯರ ಅಡಿಗೆಮನೆ, ಅದರ ಗೋಡೆಗೆ ಆನಿಸಿ ಒಂದೇ ಕೋಣೆಯ ಬಾಡಿಗೆ ಖೋಲಿ. ಮುಂದಿನದಕ್ಕೊಂದು, ಮಾಳಿಗೆಗೊಂದು, ಹಿಂಭಾಗಕ್ಕೊಂದು ಎಂದು ಮೂರು ಸಾಲು ತಂತಿ ಎಳೆದು, ತಲೆಬಾಗಿಲ ಒಳಗಿನ ದೇವಡಿಯಲ್ಲಿ ಹಲಗೆಯ ಮೇಲೆ ಒಂದು ಮೀಟರು, ಮೂರು ಫ್ಯೂಜು ಕೂಡಿಸಿದ್ದರು. ಅಡಿಗೆಮನೆ ಮತ್ತು ಪಕ್ಕದ ಖೋಲಿ ಒಂದೇ ಸಾಲಿನಲ್ಲಿ ಬಂದವು.

ಅಡಿಗೆಮನೆಗೆ ದೀಪ ಬೇಡವೇ ಬೇಡ ಎಂದು ಪಟ್ಟು ಹಿಡಿದವರು ರಾಯರ ತಾಯಿ ರಂಗೂಬಾಯಿ. ಗಂಡ ಹೋದಾಗಿನಿಂದ ಕಟ್ಟುನಿಟ್ಟಿನ ಮಡಿ. ಬೆಳಗಿನ ಜಾವ ಸ್ನಾನ ಮಾಡಿ, ಯಾರೂ ಮುಟ್ಟದ ಸೀರೆ ಉಟ್ಟು ಅಡಿಗೆಮನೆ ಹೊಕ್ಕರೆ ದೇವರ ಪೂಜೆ, ನೈವೇದ್ಯ ಮುಗಿಯುವವರೆಗೆ ಮಗನೂ ಹೊಸ್ತಿಲು ದಾಟುವಂತಿಲ್ಲ.

"ತಂತ್ಯಾಗ ಹರದು ಬಂದ ಬೆಂಕಿ. ಎಲ್ಲೆಲ್ಲಿ ಮುಟ್ಟಿ ಬಂದದೋ ಯಾರಿಗೆ ಗೊತ್ತು? ನಾ ಅಂತೂ ಅದಕ್ಕ ಕೈ ಹಚ್ಚೂದಿಲ್ಲ," ಎಂದು ವಾಡೆಯೆಲ್ಲ ಕೇಳುವಂತೆ ಸಾರಿದ್ದರು. ಸಂಜೆ ಸೊಸೆ ಇಂದೂಗೆ ಅಡಿಗೆ ಮಾಡಲು ಅನುಕೂಲವಾಗಲಿ ಎಂದು ರಾಯರು ಒಂದು ದೀಪ ಹಾಕಿಸಿದರು. ತಾಯಿ ಅದರ ಕಡೆ ತಿರುಗಿ ಕೂಡ ನೋಡಲಿಲ್ಲ.

ಪಕ್ಕದ ಖೋಲಿಗೆ ಮಲಕಪ್ಪ ಬಂದ. ಇಂಡಿ ಎಂಬ ಊರಿನ ಕಡೆಯ ಲಿಂಗಾಯತರವನು, ದಂಡು ಇಳಿದಿದ್ದ ಕ್ಯಾಂಪಿನ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಆ ಪೇಠದಲ್ಲಿ ಅವನಿಗೆ ಖೋಲಿ ಸಿಕ್ಕಿದ್ದೇ ಕನ್ನಡದ ದೆಸೆಯಿಂದ. ಹೊರಗೆಲ್ಲ ಮರಾಠಿ ಮಾತಾಡಿ ನಾಲಿಗೆ ದಣಿದಿದ್ದ ರಂಗೂಬಾಯಿ, "ನಮ್ಮ ಮಾತಿನವರು ಬರ್ಲೇಳು, ಮಡೀಗೆ ದೂರ ಇದ್ರಾತು," ಎಂದು ಒಪ್ಪಿದ್ದರು. ಮಲಕಪ್ಪನ ಹೆಂಡತಿ ಚನ್ನಬಸವ್ವ ಬಾವಿಕಟ್ಟೆಯ ಆ ಬದಿ, ರಂಗೂಬಾಯಿ ಈ ಬದಿ ನಿಂತು ಗಂಟೆಗಟ್ಟಲೆ ಮಾತಾಡುವರು. ಚನ್ನಬಸವ್ವನಿಗೆ ತವರಿನಲ್ಲಿ ಬಾಣಂತನ ಮಾಡುವವರಿರಲಿಲ್ಲ. ಮರುವರ್ಷ ಆಷಾಢದಲ್ಲಿ ಅದೇ ಖೋಲಿಯಲ್ಲಿ ಗಂಡು ಕೂಸು ಹುಟ್ಟಿತು. ರಂಗೂಬಾಯಿ ದೂರದಿಂದಲೇ ಖಾರ, ಕಷಾಯ ಎಲ್ಲ ಹೇಳಿಕೊಟ್ಟು ಮಾಡಿಸಿದರು.

ಆ ಆಷಾಢದಲ್ಲೇ ರಾಯರ ಕಣ್ಣು ಮೀಟರಿನ ಮೇಲೆ ಬಿದ್ದದ್ದು. ಬೆಳಗಿನ ಜಾವ ಮುಖ ತೊಳೆಯಲು ಹೊರಟವರು ದೇವಡಿಯಲ್ಲಿ ನಿಂತುಬಿಟ್ಟರು. ಮೀಟರಿನೊಳಗಿನ ತಟ್ಟೆ ಬುಗುರಿಯ ಹಾಗೆ ಗಿರಗಿರ ತಿರುಗುತ್ತಿತ್ತು. ವಾಡೆಯಲ್ಲಿ ಉರಿಯುತ್ತಿದ್ದುದು ಮೂರೇ ದೀಪ: ಪಡಸಾಲೆಯದು, ಮಾಳಿಗೆಯದು, ದೇವಡಿಯದು. ಮೂರು ದೀಪಕ್ಕೆ ತಟ್ಟೆ ಎತ್ತಿನ ಗಾಣದ ಹಾಗೆ ನಿಧಾನ ತಿರುಗಬೇಕು. ಯಾರೋ ಕದ್ದು ಏನೋ ಹಚ್ಚಿದ್ದಾರೆ. ರಾಯರು ಹೆದರಿದರು. ಹೆದರಿಕೆಯೂ ಸುಳ್ಳಲ್ಲ. ದೀಪಕ್ಕೆಂದು ಎಳೆದ ಸಪೂರ ತಂತಿ, ಮೇಲೆ ಹಳೆಯ ಸಾಗವಾನಿ ತೊಲೆಗಳು. ಎಲ್ಲೋ ಒಂದು ಸಡಿಲ ಜೋಡಣೆ ಕಾದು ಕಿಡಿ ಹಾರಿದರೆ ವಾಡೆಗೆ ವಾಡೆಯೇ ಹೊತ್ತಿಕೊಳ್ಳುತ್ತದೆ.

ಬೇರೆ ಯಾರಾದರೂ ಆಗಿದ್ದರೆ ಅಂಗಳದಲ್ಲಿ ನಿಂತು "ಯಾರ್ರೀ ಅದು?" ಎಂದು ಕೂಗುತ್ತಿದ್ದರು. ಕೂಗಿದರೆ ಕಳ್ಳ ಎಚ್ಚರಾಗುತ್ತಾನೆ ಅನ್ನುವುದು ರಾಯರ ಲೆಕ್ಕ. ಹೆಂಡತಿಗೂ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ. ಹೆಂಗಸರಿಗೆ ಹೇಳಿದರೆ ಬಾವಿಕಟ್ಟೆಗೆ ಹೇಳಿದ ಹಾಗೆ. ಕಾಲೇಜಿನಿಂದ ಅಪ್ಪಣೆ ಪಡೆದು ಆ್ಯಮ್ಮೀಟರು, ವೋಲ್ಟ್ ಮೀಟರು ತಂದರು. "ಕಂಪನಿಯವರು ಸರಿಯಾಗಿ ಕರೆಂಟ್ ಕೊಡ್ತಾರೋ ಇಲ್ಲೋ ನೋಡಬೇಕು," ಎಂದು ಇಂದೂಗೆ ಹೇಳಿ ಹಲಗೆಯ ಮೇಲೆ ಜೋಡಿಸಿದರು. ಗಂಡ ಕಂಪನಿಯನ್ನೂ ನಂಬುವುದಿಲ್ಲವೆಂಬುದು ಇಂದೂಗೆ ಹೊಸದೇನಲ್ಲ, ಆಯಿತು ಎಂದು ಒಳಗೆ ಹೋದಳು.

ಮರುದಿನ ಜಾವದಲ್ಲಿ ಮುಳ್ಳು ನೋಡಿದರು. ಒತ್ತಡ ಇನ್ನೂರಾ ಮೂವತ್ತು ವೋಲ್ಟ್. ಹರಿವು ಎರಡೂವರೆ ಆ್ಯಂಪಿಯರ್. ನಲವತ್ತು ವ್ಯಾಟಿನ ಮೂರು ದೀಪಕ್ಕೆ ಅರ್ಧ ಆ್ಯಂಪಿಯರ್ ಸಾಕು. ಉಳಿದ ಎರಡು ಎಲ್ಲಿ ಹೋಗುತ್ತಿತ್ತು? ಸೀಮೆಸುಣ್ಣದ ತುಂಡು ತೆಗೆದುಕೊಂಡು ದೇವಡಿಯ ಕಲ್ಲಿನ ಮೇಲೆ ಲೆಕ್ಕ ಹಾಕಿದರು. ಇನ್ನೂರಾ ಮೂವತ್ತನ್ನು ಎರಡರಿಂದ ಭಾಗಿಸಿದರೆ ರೋಧ ನೂರಾ ಹದಿನೈದು ಓಮ್. ದೀಪವಾಗಿದ್ದರೆ ಸಾವಿರದ ಮೇಲೆ ಇರಬೇಕು, ಇದು ದೀಪವಲ್ಲ. ಗುಣಿಸಿದರೆ ಶಕ್ತಿ ನಾನೂರಾ ಅರವತ್ತು ವ್ಯಾಟ್. ಹನ್ನೊಂದು ದೀಪ ಒಟ್ಟಿಗೆ ಹಚ್ಚಿದರೂ ಅಷ್ಟು ಎಳೆಯುವುದಿಲ್ಲ. ಅಂದ ಮೇಲೆ ಅದು ಸುರುಳಿ ತಂತಿಯ ಶೆಗಡಿಯೇ, ಕರೆಂಟಿನ ಒಲೆ. ಯಾರೋ ಕರೆಂಟಿನ ಮೇಲೆ ಏನನ್ನೋ ಕಾಯಿಸುತ್ತಿದ್ದರು. ಕೈಯಿಂದ ಅಂಕಿಗಳನ್ನು ಒರೆಸಿಹಾಕಿ, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದರು.

ಇನ್ನು ಯಾರೆಂದು ಗೊತ್ತಾಗಬೇಕು. ಮಾಳಿಗೆಯ ಫ್ಯೂಜು ಕಿತ್ತರು. ಮುಳ್ಳು ಒಂದು ಕೂದಲೆಳೆ ಇಳಿಯಿತು, ದೀಪದ್ದು. ಮೇಲಿನಿಂದ ಗುಮಾಸ್ತರು "ಕಾಯ್ ಝಾಲ?", ಏನಾಯಿತು, ಎಂದು ಕೇಳುವಷ್ಟರಲ್ಲಿ ತಿರುಗಿ ಕೂಡಿಸಿದರು. ತಮ್ಮ ಪಡಸಾಲೆಯ ಸಾಲು ಕಿತ್ತರು, ಅದೂ ಹಾಗೆಯೇ. ಆಮೇಲೆ ಹಿಂದಿನ ಸಾಲಿನ ಫ್ಯೂಜು ಕಿತ್ತರು. ಮುಳ್ಳು ಎರಡೂವರೆಯಿಂದ ಅರ್ಧಕ್ಕೆ ಧೊಪ್ಪನೆ ಬಿತ್ತು.

ಹಿಂದಿನ ಸಾಲಿನಲ್ಲಿ ಇದ್ದುದು ಎರಡು: ಅಡಿಗೆಮನೆ ಮತ್ತು ಮಲಕಪ್ಪನ ಖೋಲಿ. ಅಡಿಗೆಮನೆಯಲ್ಲಿ ಆ ಹೊತ್ತಿಗೆ ಇದ್ದವರು ಮಡಿ ಉಟ್ಟ ತಾಯಿ, ಕರೆಂಟಿಗೆ ಕೈ ಹಚ್ಚುವುದಿಲ್ಲವೆಂದು ಸಾರಿದವರು. ಹೊಸ್ತಿಲು ದಾಟಿ ನೋಡುವಂತೆಯೂ ಇಲ್ಲ, ನೋಡುವ ಅಗತ್ಯವೂ ಇಲ್ಲ. ಜಗತ್ತನ್ನೆಲ್ಲ ಸಂಶಯಿಸಿದ ಮನುಷ್ಯನಿಗೆ ಅಲ್ಲಿ ಮಾತ್ರ ಸಂಶಯ ಸುಳಿಯಲಿಲ್ಲ. ಒಂದು ಕಳೆದರೆ ಉಳಿದದ್ದು ಒಂದೇ. ಮಲಕಪ್ಪ!

ಹೆಸರು ಒಂದು ಸಿಕ್ಕಿತೋ ಇಲ್ಲವೋ, ಉಳಿದದ್ದೆಲ್ಲ ತಾನಾಗಿ ಬಂದು ಅದಕ್ಕೆ ಅಂಟಿಕೊಂಡಿತು. ಬಾಣಂತಿಗೆ, ಕೂಸಿಗೆ ದಿನವೂ ಹಂಡೆಗಟ್ಟಲೆ ಬಿಸಿನೀರು ಬೇಕು. ಆದರೆ ಮಲಕಪ್ಪನ ಖೋಲಿಯಿಂದ ಹೊಗೆ ಬರುವುದೇ ಕಾಣೆ! ಸಂಜೆ ಕ್ಯಾಂಪಿನಿಂದ ಬರುವಾಗ ಅವನ ಕಂಬಳಿ ಕೊಪ್ಪೆಯ ಅಡಿಯಲ್ಲಿ ಏನೋ ಒಂದು ಗಂಟು. ರಾಯರು ಎದುರಾದರೆ ಗಂಟನ್ನು ಇನ್ನಷ್ಟು ಒಳಗೆ ಸರಿಸಿಕೊಂಡು "ಮಳಿ ಭಾಳ ಆತ್ರಿ ರಾಯರ," ಎಂದು ಸರಸರ ಹೋಗುವನು. ಮುಚ್ಚಿಡುವಂಥದ್ದು ಏನಿದೆ? ಚನ್ನಬಸವ್ವನೂ ರಾಯರನ್ನು ಕಂಡೊಡನೆ ಸೆರಗು ಎಳೆದುಕೊಂಡು ಬಾಗಿಲು ಮರೆಯಾಗುವಳು. ಮೊದಲೂ ಹಾಗೆಯೇ ಮರೆಯಾಗುತ್ತಿದ್ದಳು, ಆದರೆ ಈಗ ಅದರಲ್ಲಿ ಕಳ್ಳತನ ಕಂಡಿತು. ಇಷ್ಟರ ನಡುವೆ ಅವರ ಮನಸ್ಸಿಗೆ ನೆಮ್ಮದಿ ತಂದದ್ದು ಒಂದೇ. ಪ್ರತಿ ಮಳೆಗಾಲದಲ್ಲಿ ದಮ್ಮಿನಿಂದ ಒದ್ದಾಡುತ್ತಿದ್ದ ತಾಯಿ ಈ ವರ್ಷ ಹಗುರಾಗಿ ಉಸಿರಾಡುತ್ತಿದ್ದರು. ತಾವು ತಂದ ಆಡುಸೋಗೆಯ ಕಷಾಯದ ಗುಣ ಅದು ಎಂದು ಬೀಗಿದರು.

ಒಂದು ರವಿವಾರ ಮಲಕಪ್ಪನನ್ನು ಪಡಸಾಲೆಗೆ ಕರೆಸಿದರು. "ಮಲಕಪ್ಪನವರ, ಖೋಲಿ ಖಾಲಿ ಮಾಡಬೇಕಾಗ್ತದ. ನಮ್ಮ ಕಾಕಾನ ಮೊಮ್ಮಗ ಓದಲಿಕ್ಕೆ ಬರ್ತಾನ."

ಮಲಕಪ್ಪ ನಿಂತಲ್ಲೇ ನಿಂತ. "ನಮ್ಮಿಂದ ಏನರ ತಪ್ಪಾಗೇದೇನ್ರಿ ರಾಯರ?"

"ಛೇ, ಛೇ. ತಪ್ಪೇನಿಲ್ಲ."

"ಕೂಸಿಗೆ ಇನ್ನೂ ತೊಟ್ಟಲಾ ಕಟ್ಟಿಲ್ರಿ. ಆಕಿನೂ ಇನ್ನೂ ಹಸಿ ಮೈ. ಮಳಿ ನಿಲ್ಲೂತನಕ ಇರ್ತೀವ್ರಿ, ಆಮ್ಯಾಲೆ ನೀವು ಹೇಳೂದ ಬ್ಯಾಡ, ನಾವ ಹೋಗ್ತೀವಿ."

ರಾಯರು ಅವನ ಮುಖವನ್ನೇ ನೋಡಿದರು. ಎಷ್ಟು ಚೆನ್ನಾಗಿ ನಟಿಸುತ್ತಾನೆ ಎಂದುಕೊಂಡರು. "ಆಗೂದಿಲ್ಲ," ಎಂದರು.

ಮಲಕಪ್ಪ ಕೈ ಮುಗಿದು ಖೋಲಿಗೆ ಹೋದ. ರಂಗೂಬಾಯಿ ಮಾತ್ರ ಸುಮ್ಮನಿರಲಿಲ್ಲ. "ಬಾಣಂತೀನ ಮಳ್ಯಾಗ ಹೊರಗ ಹಾಕ್ತೀಯೇನೋ ಅವಧೂ? ಅದ್ಯಾವ ಕಾಕಾನ ಮೊಮ್ಮಗ? ನನಗ ಗೊತ್ತಿರದ ಕಾಕಾ ನಿನಗ ಎಲ್ಲಿಂದ ಬಂದ?" ಎಂದು ಹೊಸ್ತಿಲ ಒಳಗಿನಿಂದ ಬೈದರು. ರಾಯರು ಕೊಡೆ ತೆಗೆದುಕೊಂಡು ಹೊರಬಿದ್ದರು.

ಹೋಗುವ ದಿನ ಮಳೆ ಹಿಡಿದುಕೊಂಡಿತ್ತು. ಟಾಂಗಾದಲ್ಲಿ ಚನ್ನಬಸವ್ವ ಕೂಸನ್ನು ಎರಡು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡಳು. ಮಲಕಪ್ಪ ಸಾಮಾನು ಏರಿಸುವಾಗ ಒಂದು ಗೋಣಿಗಂಟು ಜಾರಿ ಬಿಚ್ಚಿಕೊಂಡು ಕರಿ ಇದ್ದಲಿ ತುಂಡುಗಳು ಕೆಸರಿನಲ್ಲಿ ಚೆಲ್ಲಿದವು. "ಬೇಕರಿಯವರು ಕೊಡ್ತಿದ್ರು, ಕೂಸಿನ ನೀರಿಗೆ," ಎಂದು ಮಾಳಿಗೆಯ ಗುಮಾಸ್ತರಿಗೆ ಹೇಳುತ್ತ ಆಯ್ದು ತುಂಬಿಕೊಂಡ. "ಮಳ್ಯಾಗ ತೋಯಬಾರದಂತ ಕೊಪ್ಪ್ಯಾಗ ಮುಚ್ಚಿ ತರ್ತಿದ್ದೆ." ದೇವಡಿಯಲ್ಲಿ ನಿಂತಿದ್ದ ರಾಯರಿಗೆ ಕೇಳಿಸಿತು. ಇದ್ದಲಿಗೆ ಹೊಗೆ ಇರುವುದಿಲ್ಲ. ಆದರೂ ಮರುಗಳಿಗೆಯಲ್ಲಿ, ತೋರಿಕೆಗೆ ಇಟ್ಟುಕೊಂಡಿರಬೇಕು, ಒಳಗೆ ಶೆಗಡಿ ಇದ್ದೇ ಇದೆ ಎಂದು ಮನಸ್ಸು ಸಮಜಾಯಿಷಿ ಕೊಟ್ಟಿತು. ಟಾಂಗಾ ಮೂಲೆ ತಿರುಗಿತು.

ಮರುದಿನ ಜಾವದಲ್ಲಿ ಎದ್ದವರೇ ಮುಖ ಕೂಡ ತೊಳೆಯದೆ ಹಲಗೆಯ ಮುಂದೆ ನಿಂತರು. ಗೆದ್ದವನ ಹುರುಪಿತ್ತು. ದೇವಡಿಯ ದೀಪದಲ್ಲಿ ಮುಳ್ಳು ನೋಡಿದರು.

ಎರಡೂವರೆ.

ಗಾಜನ್ನು ಬೆರಳಿನಿಂದ ತಟ್ಟಿದರು. ಮುಳ್ಳು ನಡುಗಿ ಅಲ್ಲೇ ನಿಂತಿತು. ಕಂದೀಲು ಹಿಡಿದು ಹೋಗಿ ಖೋಲಿಯ ಬೀಗ ತೆಗೆದರು. ಒಳಗೆ ಖಾಲಿ ನೆಲ, ಮೂಲೆಯಲ್ಲಿ ಬೂದಿ, ಗೋಡೆಯ ಮೇಲೆ ಕಂದೀಲಿನ ಮಸಿ. ಮೇಲಿನ ದೀಪದ ಮೇಲೆ ಜೇಡ ಬಲೆ ಹೆಣೆದಿತ್ತು. ಮಲಕಪ್ಪನವರು ಆ ದೀಪವನ್ನು ಹಚ್ಚುತ್ತಲೇ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಉಳಿದದ್ದು ಒಂದೇ ಒಂದು.

ಅಡಿಗೆಮನೆಯ ಬಾಗಿಲು ಓರೆಯಾಗಿತ್ತು. ಹೊಸ್ತಿಲ ಈಚೆ ನಿಂತು ದೂಡಿದರು. ನಡುನೆಲದಲ್ಲಿ ಬಿದಿರಿನ ದೊಡ್ಡ ಬುಟ್ಟಿ ಕವುಚಿತ್ತು, ಅದರ ಮೇಲೆ ತಾಯಿಯ ಮಡಿಸೀರೆ ಹರವಿತ್ತು. ಬುಟ್ಟಿಯ ಸಂದಿನಿಂದ ಕೆಂಪು ಬೆಳಕು. ಮೇಲಿನ ಹೋಲ್ಡರಿನಿಂದ ದೀಪ ತೆಗೆದು ಅಲ್ಲಿಗೆ ಸಿಕ್ಕಿಸಿದ ತಂತಿ ಬುಟ್ಟಿಯೊಳಗೆ ಇಳಿದಿತ್ತು. ರಂಗೂಬಾಯಿ ಗಳುವಿನ ಮೇಲಿನ ಮಡಿಬಟ್ಟೆ ತೆಗೆಯುವ ಉದ್ದನೆಯ ಕೋಲು ಹಿಡಿದು, ಅದರ ತುದಿಯಿಂದ ಗೋಡೆಯ ಗುಂಡಿಯನ್ನು ಮೇಲಕ್ಕೆ ದೂಡುತ್ತಿದ್ದರು. ಖಟ್ ಎಂದು ಶಬ್ದವಾಗಿ ಬೆಳಕು ಆರಿತು. ಹಿಂದೆ ಬಾವಿಯ ಕಡೆಯ ಬಾಗಿಲಲ್ಲಿ ನಿಂತಿದ್ದ ಇಂದೂ ಗಂಡನನ್ನು ನೋಡಿ ಬಾಯಿಗೆ ಸೆರಗು ಒತ್ತಿದಳು.

"ಅವ್ವಾ, ಇದೇನಿದು?"

ರಂಗೂಬಾಯಿ ಒಂದಿಷ್ಟೂ ಗಾಬರಿಯಾಗಲಿಲ್ಲ. "ಏನಿಲ್ಲ. ಸೀರಿ ಒಣಗಸ್ಲಿಕತ್ತೀನಿ. ಮಳ್ಯಾಗ ಮಡಿಸೀರಿ ಒಣಗೂದಿಲ್ಲ, ಹಸೀದ ಉಟ್ರ ದಮ್ಮು. ಕೆಂಡದ ಶೆಗಡಿ ಇಟ್ರ ಅದರ ಹಬೀಗೂ ದಮ್ಮು. ಇಂದೂನ ಅಣ್ಣ ಮುಂಬಯಿಂದ ಈ ಕರೆಂಟಿನ ಶೆಗಡಿ ತಂದುಕೊಟ್ಟಿದ್ದ, ಟ್ರಂಕಿನ್ಯಾಗ ಬಿದ್ದಿತ್ತು. ರಾತ್ರಿ ಅಡಿಗಿ ಮುಗದ ಮ್ಯಾಲೆ ಇಂದೂನ ದೀಪ ತಗದು ಇದನ್ನ ಸಿಕ್ಕಸ್ತಾಳ."

"ಮಡೀಗೆ ಆಗೂದಿಲ್ಲ ಅಂದಿದ್ದಿ?"

"ಆಮ್ಯಾಲೆ ವಿಚಾರ ಮಾಡಿದೆ. ಕೆಂಡಾನರ ಯಾರ್ಯಾರೋ ಮುಟ್ಟಿರ್ತಾರ. ಇದನ್ನ ಮುಟ್ಟಿದವ ಉಳಿಯೂದ ಇಲ್ಲ. ಯಾರೂ ಮುಟ್ಟದ್ದು ಮೈಲಿಗಿ ಹ್ಯಾಂಗ ಆಗ್ತದ? ನಾ ಅಂತೂ ಕೈ ಹಚ್ಚಿಲ್ಲ, ಕೋಲು ಹಚ್ಚೀನಿ."

"ನನಗ ಯಾಕ ಹೇಳಲಿಲ್ಲ?"

ಇಂದೂ ಮೆಲ್ಲಗೆ ಅಂದಳು: "ಹೇಳಿದ್ರ ನೀವು ಮೊದಲು ಅದನ್ನ ಅಳೀತಿದ್ರಿ. ಅಳದು ತಂತಿ ಸುಡ್ತದ, ಬ್ಯಾಡ ಅಂತಿದ್ರಿ. ಅತ್ತಿಯವರು ಮತ್ತ ಹಸೀ ಸೀರಿ ಉಟ್ಟು ರಾತ್ರೆಲ್ಲಾ ಕೂತು ಉಸಿರು ಎಳೀತಿದ್ರು."

ರಾಯರು ಹೊಸ್ತಿಲ ಮೇಲೆಯೇ ಕೂತರು. ಆಗ ಎಲ್ಲವನ್ನೂ ಹೇಳಿದರು. ತಟ್ಟೆ ತಿರುಗಿದ್ದು, ಎರಡು ಆ್ಯಂಪಿಯರ್, ಹಿಂದಿನ ಸಾಲಿನ ಫ್ಯೂಜು, ಇಲ್ಲದ ಕಾಕಾನ ಮೊಮ್ಮಗ. ಕೇಳುತ್ತ ಕೇಳುತ್ತ ರಂಗೂಬಾಯಿಯ ಮುಖ ಕಪ್ಪಿಟ್ಟಿತು. ಕೋಲನ್ನು ಗೋಡೆಗೆ ಒರಗಿಸಿದರು.

"ನಾ ಹಚ್ಚಿದ್ದಕ್ಕ ಆ ಹುಡುಗೀನ ಮಳ್ಯಾಗ ಹೊರಗ ಹಾಕಿದಿ."

"ನಾ ಇವತ್ತ ಹೋಗಿ ಕರ್ಕೊಂಡು ಬರ್ತೀನಿ ಅವ್ವಾ. ಕಾಕಾನ ಮೊಮ್ಮಗ ಬರಲಿಲ್ಲ, ಖೋಲಿ ಖಾಲಿ ಅದ ಅಂತ ಹೇಳಿ..."

"ಮತ್ತೊಂದು ಸುಳ್ಳು! ಟಾಂಗಾ ತರಸು. ನಾನ ಬರ್ತೀನಿ."

ರಂಗೂಬಾಯಿ ಅದುವರೆಗೆ ಕ್ಯಾಂಪಿನ ಕಡೆ ಮುಖ ಹಾಕಿದವರಲ್ಲ. ಮಾಂಸದ ಅಂಗಡಿಗಳು, ದಂಡಿನ ಸೋಜಿರರು, ಮುಟ್ಟುಚಟ್ಟು ಎಂದು ಅದರ ಹೆಸರು ಬಂದರೂ ಆಚಮನ ಮಾಡುತ್ತಿದ್ದವರು. ಆ ದಿನ ದೇವರ ಪೂಜೆಯನ್ನು ಅರ್ಧಕ್ಕೆ ಮುಗಿಸಿ, ಟಾಂಗಾದಲ್ಲಿ ಮಗನ ಪಕ್ಕದಲ್ಲಿ ಕೂತು ಕ್ಯಾಂಪಿನ ಆ ಬಟ್ಟೆ ಅಂಗಡಿಗೆ ಹೋದರು. ಮಲಕಪ್ಪನಿಗೆ ಧಣಿ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಒಂದು ಮೂಲೆ ಬಿಟ್ಟುಕೊಟ್ಟಿದ್ದ. ಬಟ್ಟೆಯ ಗಂಟುಗಳ ನಡುವೆ ಒಂದು ಹಳೆಯ ಸೀರೆ ಅಡ್ಡ ಕಟ್ಟಿದ್ದರು. ಕೂಸು ಅಳುತ್ತಿತ್ತು.

ರಂಗೂಬಾಯಿ ನೇರ ಒಳಗೆ ಹೋಗಿ ನೆಲದ ಮೇಲೆ ಕೂತುಬಿಟ್ಟರು. "ಚನ್ನವ್ವಾ, ನನ್ನ ಮಗ ನಿಮ್ಮನ್ನ ಕಳ್ಳರು ಅಂತ ತಿಳದು ಖೋಲಿ ಬಿಡಿಸ್ಯಾನ. ಕಳ್ಳಿ ನಾನವ್ವಾ," ಎಂದು ಒಂದನ್ನೂ ಬಿಡದೆ ಹೇಳಿದರು. ಕೈ ಚಾಚಿ ಕೂಸನ್ನು ಕೇಳಿದರು. ಚನ್ನಬಸವ್ವ "ಅವ್ವಾರ, ನೀವು ಮಡ್ಯಾಗ..." ಎಂದು ಹಿಂದೆಗೆದಳು. "ಕೊಡು ಇಲ್ಲಿ," ಎಂದು ರಂಗೂಬಾಯಿ ತಾವೇ ಎತ್ತಿಕೊಂಡು ಎದೆಗೆ ಹಾಕಿಕೊಂಡರು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಮಲಕಪ್ಪ ಎಲ್ಲವನ್ನೂ ಕೇಳಿದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ರಾಯರಿಗೆ ಹಗುರಾಗುತ್ತಿತ್ತು.

"ಆ ತಂತೀ ಮ್ಯಾಲೆ ಎರಡು ಮನಿ ಇದ್ದುವು ಅಂದ್ರಿ. ಅವ್ವಾರನ್ನ ಕೇಳಿದ್ರೇನ್ರಿ ರಾಯರ?"

"ಇಲ್ಲ."

"ನನ್ನನರ ಕೇಳಿದ್ರೇನ್ರಿ?"

ರಾಯರು ತಲೆ ಅಲ್ಲಾಡಿಸಿದರು.

"ಅವರನ್ನ ನಂಬಿ ಕೇಳಲಿಲ್ಲ, ನನ್ನ ನಂಬದ ಕೇಳಲಿಲ್ಲ. ಇರ್ಲಿ ಬಿಡ್ರಿ."

"ತಿರುಗಿ ಬರ್ರಿ ಮಲಕಪ್ಪನವರ. ಖೋಲಿ ನಿಮ್ಮದ ಅದ," ಎಂದರು ರಾಯರು. ಮನಸ್ಸಿನಿಂದಲೇ ಅಂದದ್ದು. ಮಲಕಪ್ಪ ಹೆಂಡತಿಯ ಕಡೆ ನೋಡಿದ. ಅವಳು ಎದ್ದು ಒಲೆಯ ಕಡೆ ಹೋದಳು. ಬರುತ್ತೇವೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಬಂದವರಿಗೆ ಚಹಾ ಆಗಬೇಕಲ್ಲ.

ಮೂರು ಪಿಂಗಾಣಿ ಬಟ್ಟಲು ಬಂದವು. ರಂಗೂಬಾಯಿ ಒಬ್ಬರ ಮನೆಯ ನೀರನ್ನೂ ಮುಟ್ಟದವರು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಬಟ್ಟಲು ಎತ್ತಿ, ಸುಡುವ ಚಹಾವನ್ನು ಒಂದೇ ಉಸಿರಿಗೆ ಕುಡಿದು ಕೆಳಗಿಟ್ಟರು. ಅವಧೂತರಾಯರೂ ಬಟ್ಟಲು ಕೈಗೆ ತೆಗೆದುಕೊಂಡರು. ಅವರ ಮನಸ್ಸಿನಲ್ಲಿ ಆಗ ಏನೂ ಇರಲಿಲ್ಲ, ದೇವರಾಣೆಗೂ ಇರಲಿಲ್ಲ. ಆದರೆ ಕೈ ತನ್ನಷ್ಟಕ್ಕೆ ತಾನು ಬಟ್ಟಲನ್ನು ಬೆಳಕಿನ ಕಡೆ ವಾಲಿಸಿತು, ಕಣ್ಣು ತಳದವರೆಗೆ ಇಳಿದು ನೋಡಿತು.

ಚನ್ನಬಸವ್ವ ಅದನ್ನು ನೋಡಿದಳು. ಅವಳು ರಾಯರ ಎದುರು ನಿಂತು ಮಾತಾಡಿದ್ದು ಅದೇ ಮೊದಲು.

"ಸಕ್ಕರಿ ಹಾಕೀನ್ರಿ," ಅಂದಳು. "ಮತ್ತೇನೂ ಹಾಕಿಲ್ಲ."

ರಾಯರು ಕಣ್ಣು ಮುಚ್ಚಿ ಕುಡಿದರು. ಮಲಕಪ್ಪನ ಸಂಸಾರ ಸದಾಶಿವ ಪೇಠಕ್ಕೆ ತಿರುಗಿ ಬರಲಿಲ್ಲ.